ಅತ್ತೆ ಪಾಸು ಮಾಡಿದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ನಮ್ಮ ಅತ್ತೆಯನ್ನು ಕರೆದುಕೊಂಡು ಬಾಡಿಗೆ ಮನೆ ನೋಡಲು ಹೋಗಿರಲಿಲ್ಲ ಅಂತ ಕಾಣುತ್ತದೆ. ಹೋಗಿದ್ದರೆ ಗಾದೆಗೆ ಇನ್ನೊಂದು ಸಾಲು ಸೇರುತ್ತಿತ್ತು. ಅವರ ಜೊತೆ ಹೊರಬಿದ್ದರೆ ಏನಾದರೊಂದು ಆಗಿಯೇ ತೀರುತ್ತದೆ.

ನಾನು ಕನ್ನಡ ಸಾಲೆಯ ಅಕ್ಕೋರು, ಅಂದರೆ ಶಾಲೆಯ ಟೀಚರು. ನಮ್ಮ ಸ್ವಂತ ಮನೆಯಿರುವ ಅಸಂಗಿಯಿಂದ ಜತ್ತಕ್ಕೆ ಬದಲಿಯಾಯಿತು. ಬೆಳಗಿನ ಎಸ್‌ಟಿ ಬಸ್ಸು ತಪ್ಪಿದರೆ ಸಾಲೆಯೂ ತಪ್ಪಿದ ಹಾಗೆ. ಮೊದಲ ತಿಂಗಳಲ್ಲೇ ಮೂರು ಸಲ ತಪ್ಪಿತು. ಹೆಡ್‌ಮಾಸ್ತರರು, "ದೀಪಾವಳಿ ಸೂಟಿ ಮುಗಿಯೂದ್ರಾಗ ಇಲ್ಲೇ ಮನಿ ಮಾಡ್ರಿ. ಇಲ್ಲಂದ್ರ ನಾ ಮ್ಯಾಲ ಬರದು ಕಳಸಬೇಕಾಗತೈತಿ" ಎಂದರು. ಜತ್ತದಲ್ಲಿ ಮನೆಗಳಿಗೇನು ಬರವಿಲ್ಲ. ಆದರೆ ಎರಡು ವರ್ಷದ ನನ್ನ ಮಗಳನ್ನು ನೋಡಿಕೊಳ್ಳುವವರು ಅತ್ತೆ. ಅವರು ಬಾರದೆ ನಾನು ಹೋಗುವಂತಿಲ್ಲ. ಅವರೋ ಕುರಿ ಸಾಕಿದ ಮನೆತನದವರು, ಜಾಗ ಪರೀಕ್ಷೆ ಮಾಡದೆ ಎಲ್ಲಿಯೂ ಗಂಟು ಇಳಿಸಿದವರಲ್ಲ. "ನಾ ಪಾಸ್ ಮಾಡಿದ ಮನಿ ಆದ್ರ ಬರ್ತೀನಿ" ಎಂದುಬಿಟ್ಟರು.

ಒಂದು ಕೊಡ ನೀರು

ಮೊದಲನೆಯ ಮನೆಯ ನೆಲಕ್ಕೆ ಹೊಸ ಫರಶಿ, ಮುಖ ನೋಡಿಕೊಳ್ಳಬಹುದಿತ್ತು. ಅತ್ತೆ ಮಾಲಕರಿಗೆ, "ಒಂದು ಕೊಡ ನೀರ ಕೊಡ್ರಿ" ಎಂದರು. ಮಾಲಕರು ನನ್ನ ಗಂಡನ ಕಿವಿಯಲ್ಲಿ, "ಅಷ್ಟೂ ಕುಡೀತಾರೇನ್ರಿ?" ಎಂದು ಕೇಳಿದರು.

ಅತ್ತೆ ಕೊಡವನ್ನು ಪಡಸಾಲೆಯ ನಡುವೆ ಬೋರಲು ಹಾಕಿದರು. "ಮಳಿ ಬಂದ್ರ ನೀರ ಯಾ ಕಡೆ ಹೊಕ್ಕತೈತಿ ಅಂತ ತಂಗೂಕಿಂತ ಮೊದಲ ನೋಡಬೇಕು."

"ಮನಿಯೊಳಗ ಮಳಿ ಹ್ಯಾಂಗ ಬರತೈತ್ರಿ, ಆಯಿ?" ಎಂದು ಮಾಲಕರು ಕೇಳುವಷ್ಟರಲ್ಲಿ ನೀರು ನಡುಬಾಗಿಲಿನ ಕೆಳಗೆ ನುಸುಳಿ ಅವರ ಭಾಗಕ್ಕೆ ಹೋಗಿತ್ತು. ಅಲ್ಲಿ ಅವರ ತಂದೆ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅಜ್ಜ ಧೋತರ ಹಿಂಡುತ್ತ ಹೊರಬಂದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ ತೀರ್ಪು ಕೊಟ್ಟರು: "ಇಳಿಜಾರ ಚಲೋ ಐತಿ. ಆದ್ರ ಮುದುಕನ ಕಡೆ ಐತಿ."

ಕುರಿಮರಿಯ ತೀರ್ಪು

ಮುಂದಿನ ವಾರ ಅತ್ತೆಯ ಸೆರಗಿನಲ್ಲಿ ಒಂದು ಕುರಿಮರಿ ಇತ್ತು. "ಥಂಡಿ ಹಿಡಿಯೂ ನೆಲದ ಮ್ಯಾಲ ಕುರಿ ಮಲಗಂಗಿಲ್ಲ. ಮನಿಶ್ಯಾಗ ಆ ಬುದ್ಧಿ ಇಲ್ಲ" ಎಂದರು. ಬಸ್ಸಿನ ಕಂಡಕ್ಟರ್ ಮರಿಗೆ ಟಿಕೀಟು ತಗೀರಿ ಎಂದ. "ಐದು ವರ್ಷದೊಳಗಿನವರಿಗೆ ಟಿಕೀಟಿಲ್ಲ, ಇದಕ್ಕ ಇನ್ನಾ ಐದು ವಾರ" ಎಂದು ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು.

ಆ ಮನೆಯ ಮಾಲಕರು ರಿಟಾಯರ್ ಆದ ತಲಾಠಿ, ಊರ ಜಮೀನಿನ ಲೆಕ್ಕ ಬರೆಯುತ್ತಿದ್ದವರು. ಸರಕಾರದ ಸಕಲ ಸರ್ವೆಗಳನ್ನೂ ಕಂಡವರು. ಕುರಿಮರಿಯ ಸರ್ವೆ ಕಂಡಿರಲಿಲ್ಲ. ಮರಿ ಒಂದೊಂದೇ ಖೋಲಿಗೆ ಹೋಗಿ ಮೂಸಿತು, ಎಲ್ಲಿಯೂ ಕೂರಲಿಲ್ಲ. ಕೊನೆಗೆ ಹೊರಗೆ ಓಡಿ ಪಕ್ಕದ ಮನೆಯ ಕಟ್ಟೆ ಹತ್ತಿ ಕಾಲು ಮಡಚಿ ಮಲಗಿತು.

ತಲಾಠಿಯವರು ಬಾಡಿಗೆ ಇಳಿಸುತ್ತೇನೆಂದರು. ಅತ್ತೆ ಕೈಯಾಡಿಸಿ, "ನಿಮ್ಮದು ಇರಲಿ ಬಿಡ್ರಿ. ಬಾಜೂದವರು ಯಾವಾಗ ಖಾಲಿ ಮಾಡ್ತಾರ, ಅದನ್ನ ಹೇಳ್ರಿ" ಎಂದರು.

ರೊಟ್ಟಿ ಸಪ್ಪಳ

ಮೂರನೆಯದು ಮಾಳಿಗೆಯ ಮೇಲಿನ ಮನೆ. ನೀರು ಸರಿಯಾಗಿ ಮೋರಿಗೆ ಹೋಯಿತು, ಮರಿಯೂ ಮಲಗಿತು. ನನಗೆ ಜೀವ ಬಂತು. ಆದರೆ ಅತ್ತೆ ಚೀಲದಿಂದ ಜೋಳದ ಹಿಟ್ಟು, ಹಂಚು ತೆಗೆದರು. "ರೊಟ್ಟಿ ಬಡಿದು ನೋಡದ ಮನಿ ಹಿಡೀಬಾರದು."

ಮೊದಲ ರೊಟ್ಟಿ ಬಡಿಯುತ್ತಿದ್ದಂತೆ ಕೆಳಗಿದ್ದ ಮಾಲಕ ಏನು ಬಿತ್ತೆಂದು ಓಡಿಬಂದ. ಬಂದವನಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಅವನ ಮನೆಯಲ್ಲಿ ಎರಡೂ ಹೊತ್ತು ಚಪಾತಿಯಂತೆ. ನಾಲ್ಕು ರೊಟ್ಟಿ ತಿಂದು, "ದಿನಾ ಬಡೀರಿ, ನನಗೇನೂ ತ್ರಾಸಿಲ್ಲ" ಎಂದ. ಮೆಟ್ಟಿಲು ಇಳಿಯುತ್ತ ಅತ್ತೆ ನನಗೆ ಹೇಳಿದರು: "ಮನಿ ಚಲೋ ಐತಿ. ಮಾಲಕ ಹಸದಾನ."

ನಾನು ಬಸ್ ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟೆ. ಸೂಟಿ ಮುಗಿಯಲು ಇನ್ನು ನಾಲ್ಕೇ ದಿನ ಉಳಿದಿತ್ತು. ಅತ್ತೆ ಸೆರಗಿನಿಂದ ನನ್ನ ಕಣ್ಣು ಒರೆಸಿ, "ಇನ್ನೊಂದು ನೋಡೂಣು ನಡಿ, ತಂಗಿ" ಎಂದರು.

ಕೊನೆಯ ಪರೀಕ್ಷೆ

ಆ ಇನ್ನೊಂದು ಮನೆಯ ಮಾಲಕಿ ಕಿರಾಣಿ ವ್ಯಾಪಾರದ ಮನೆಯ ಹಿರಿಯ ಹೆಂಗಸು, ಹಣೆಯ ತುಂಬ ವಿಭೂತಿ. ನೀರು, ಮರಿ, ರೊಟ್ಟಿ ಮೂರನ್ನೂ ತುಟಿ ಬಿಚ್ಚದೆ ನೋಡಿದರು. ಮೂರೂ ಪಾಸು. ಅತ್ತೆ, "ಹೂಂ, ಬರ್ತೀವಿ" ಎಂದರು. ಆಗ ಮಾಲಕಿ ಬಾಯಿ ತೆರೆದರು: "ನನ್ನ ಮನಿ ನೀವು ನೋಡಿದ್ರಿ. ನಿಮ್ಮ ಮನಿ ನಾ ನೋಡಬ್ಯಾಡೇನ್ರಿ? ಹ್ಯಾಂಗ ಇಟಗೊಂಡೀರಿ ನೋಡೇ ಕೊಡಾಕಿ ನಾ."

ಅತ್ತೆಯ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ಅದೇ ಮೊದಲು ಕಂಡೆ. ಎರಡು ದಿನ ಅವರು ನಿದ್ದೆ ಮಾಡಲಿಲ್ಲ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ನನ್ನ ಗಂಡನಿಗೆ ಹೊಸ ಅಂಗಿ.

ಮಾಲಕಿ ಬಂದವರೇ ಒಂದು ಕೊಡ ನೀರು ಕೇಳಿದರು. ಹೊಯ್ದ ನೀರು ಎಲ್ಲಿಗೂ ಹೋಗದೆ ನಡುಮನೆಯಲ್ಲೇ ನಿಂತಿತು. ಅತ್ತೆ ಕನ್ಯಾ ನೋಡಲು ಬಂದಾಗಿನ ಹುಡುಗಿಯಂತೆ ಬಾಗಿಲ ಸಂದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ನನಗೆ ಒಳಗೊಳಗೇ ನಗು, ಮೇಲೆ ಭಯ.  ಮಾಲಕಿ ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ ಉಂಡು, ಅಂಗಳದ ಬೇವಿನ ಗಿಡದ ಕಟ್ಟೆಯ ಮೇಲೆ "ಜರಾ ಅಡ್ಡಾಗ್ತೀನಿ" ಎಂದವರು ಎರಡು ತಾಸು ಗೊರಕೆ ಹೊಡೆದರು.

ಎದ್ದು ಕೂತು ಹೇಳಿದರು: "ನನ್ನ ಮನಿ ನಿಮಗ ಕೊಟ್ಟೆ. ನಾಳೆನ ಬರ್ರಿ." ನಾನು ಅವರ ಕಾಲಿಗೆ ಬಿದ್ದೆ. ಅವರು ಬೇವಿನ ಗಿಡವನ್ನೇ ನೋಡುತ್ತ ಕೇಳಿದರು, "ನೀವೆಲ್ಲಾ ಅಲ್ಲಿಗೆ ಬಂದ್ರ ಈ ಮನಿ ಖಾಲಿನ ಅಲ್ಲೇನ್ರಿ? ಇಂಥಾ ನಿದ್ದಿ ನನಗ ಜತ್ತದಾಗ ಬಂದೇ ಇಲ್ಲ. ಬಾಡಿಗಿಗೆ ಕೊಡ್ತೀರೇನು?"

ಎರಡು ದಿನದಿಂದ ತಗ್ಗಿದ್ದ ಅತ್ತೆಯ ತಲೆ ಮೇಲೆದ್ದಿತು.  ಮಾಲಕಿಯ ಬೆನ್ನಿಗೆ ಒರಗಿ ಕಾಲು ಮಡಚಿ ಮಲಗಿದ್ದ ಕುರಿಮರಿಯನ್ನು ಒಂದು ಗಳಿಗೆ ನೋಡಿದರು.

"ಕೊಡೂಣಂತ ತಗೋರಿ," ಎಂದರು. "ಮರಿ ನಿಮ್ಮನ್ನ ಪಾಸ್ ಮಾಡೇತಿ."