ನಾನು ಹೊಲಿದ ಮೋಡ

ಹೆದರುವವರಲ್ಲಿ ಎರಡು ಜಾತಿ. ಹೆದರಿ ಓಡುವವರು, ಹೆದರಿ ಸುಳ್ಳು ಹೇಳುವವರು. ನನಗೆ ಮೊಣಕಾಲು ನೋವು. ಹಾಗಾಗಿ ಎರಡನೆಯ ಜಾತಿಗೆ ಸೇರಿದ್ದೇನೆ. ಶಹಾಪುರದಲ್ಲಿ ನನ್ನದು ಗಾದಿ, ದಿಂಬಿನ ಅಂಗಡಿ. ಲೆಕ್ಕದ ಮಾಸ್ತರರಿಗೆ ಹೆದರಿ ಐದನೆಯ ತರಗತಿಗೇ ಶಾಲೆ ಬಿಟ್ಟೆ. ನನ್ನ ಪಾಲಿನ ಓದನ್ನೂ ಸೇರಿಸಿ ತಂಗಿ ನಸೀಮಾ ಓದಿದಳು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಾಳಿಗೆಯ ಮೇಲೆ ಕ್ಯಾಮೆರಾ ಕೂಡಿಸಿದ ದೊಡ್ಡ ದುರ್ಬೀನು ಇಟ್ಟಿದ್ದಾಳೆ. ನಾನು ಸ್ಕೂಟಿಗೂ ಹೆದರುತ್ತೇನೆ. ಈ ಅನಾಹುತಕ್ಕೆ ಅದೇ ಮೂಲ.

ಆ ಸಂಜೆ ಅವಳ ಮೊಬೈಲು ಕೂಗಿತು. ಲೆಕ್ಕಕ್ಕೆ ಸಿಗದಷ್ಟು ದೂರದಲ್ಲಿ ಒಂದು ನಕ್ಷತ್ರ ಗಾಮಾ ಕಿರಣ ಉಗುಳಿ ಸತ್ತಿದೆಯಂತೆ. ಉಳಿದ ಮಿಣುಕು ಬೆಳಕು ಆರುತ್ತಿದೆಯಂತೆ. ಅದು ಹೇಗೆ ಆರುತ್ತದೆಂದು ಫೋಟೊ ತೆಗೆದು ಕಳಿಸಿದರೆ ವಿಜ್ಞಾನಿಗಳಿಗೆ ಉಪಯೋಗವಂತೆ. "ಒಮ್ಮಿ ಆರಿತಂದ್ರ ಮುಗೀತು ಭಾಯಿ, ಮತ್ತ ಬರಂಗಿಲ್ಲ," ಎಂದಳು. ನನ್ನ ಜೀವ ಅಲ್ಲೇ ಅರ್ಧ ಆರಿತು. ನಾಲ್ಕು ಫೋಟೊ ಆಗಿದ್ದವು, ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಿಂದ ಅಮ್ಮೀಯ ಫೋನು: ಸುರಪುರದ ಬಸ್ಸಿಳಿದಿದ್ದಾಳೆ, ಪಾದ ಊದಿದೆ, ನಡೆಯಲಾರಳು. ಸ್ಕೂಟಿ ಓಡಿಸಲು ಬರುವುದು ನಸೀಮಾಗೊಬ್ಬಳಿಗೇ. "ಹತ್ತು ನಿಮಿಷಕ್ಕೊಮ್ಮಿ ಈ ಗುಂಡಿ ಒತ್ತು. ಚುಕ್ಕಿ ಮಸಕಾತಂದ್ರ ಬಢಾ ದೇ," ಎಂದು ಮೆಟ್ಟಿಲಿಳಿಯುತ್ತಲೇ ಹೇಳಿ ಹೋದಳು.

ಬಢಾನಾ ಎಂದರೆ ಹೆಚ್ಚಿಸುವುದು. ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತನ್ನು ಹೆಚ್ಚಿಸು ಎಂಬುದು ಅವಳ ಮಾತಿನ ಅರ್ಥ. ಆದರೆ ನಮ್ಮ ಮನೆಯ ದಖನಿ ಮಾತಿನಲ್ಲಿ ದೀಪ ಆರಿಸು ಎನ್ನುವುದು ಅಪಶಕುನ. ಅದಕ್ಕೇ ಅಮ್ಮೀ 'ದೀಪ ಬಢಾ' ಎನ್ನುತ್ತಾಳೆ. ಅಂಗಡಿ ಮುಚ್ಚುವುದೂ ಬಢಾಯಿಸುವುದೇ. ದಿನವೂ ಅಂಗಡಿ ಬಢಾಯಿಸುವ ನನಗೆ ಇನ್ನಾವ ಅರ್ಥ ಹೊಳೆಯಬೇಕು? ಅದೂ ಅಲ್ಲದೆ ಸಾಯುವವರ ತಲೆದೆಸೆಯಲ್ಲಿ ಒಬ್ಬನೇ ಕೂತಂತಾಗಿತ್ತು. ಕ್ಯಾಮೆರಾದ ಪರದೆಯಲ್ಲಿ ಮೊದಲು ಸಾಸಿವೆಯಷ್ಟಿದ್ದ ಚುಕ್ಕಿ ಗಸಗಸೆಯಷ್ಟಾಯಿತು. ಸಾಯುವವರ ಕಿವಿಗೆ ಹೇಳುವ ಕಲಿಮಾ ಬಾಯಿಗೆ ಬಂತು. ಮಸಕಾಯಿತಲ್ಲ ಎಂದು ಎಲ್ಲ ಸ್ವಿಚ್ಚೂ ಬಂದ್ ಮಾಡಿ, ಇಬ್ಬನಿ ಬಿದ್ದೀತೆಂದು ದುರ್ಬೀನಿಗೆ ಹೂವಿನ ಚಿತ್ರದ ಹೊಸ ಗಾದಿ ಕವರನ್ನೂ ಹೊದಿಸಿದೆ.

"ಹಾಯ್ ಅಲ್ಲಾ! ಯಾಕ ಬಂದ್ ಮಾಡಿದಿ?" ಎಂದು ಅಮ್ಮೀಯನ್ನು ಕರೆತಂದು ಮಾಳಿಗೆ ಹತ್ತಿದ ನಸೀಮಾ ಕೂಗಿದಾಗಲೇ ನನಗೆ ಬಢಾನಾದ ಮೊದಲ ಅರ್ಥ ನೆನಪಾದದ್ದು.

"ಮೋಡ ಬಂತು," ಎಂದೆ.

"ಎಲ್ಲಿ ಅದ?"

"ಹೋತು. ಸುರಪುರ ಕಡಿ."

ಕೆಳಗೆ ಅಂಗಳದಲ್ಲಿ ಕಾಲು ಚಾಚಿದ್ದ ಅಮ್ಮೀ ಕೂಗಿದಳು: "ನಾ ಸುರಪುರದಿಂದನ ಬಂದೀನಲ್ಲೋ, ದಾರ್ಯಾಗ ನನಗ್ಯಾಕ ಭೆಟ್ಟಿ ಆಗ್ಲಿಲ್ಲ?"

ನಸೀಮಾ ಮತ್ತೆ ಎಲ್ಲವನ್ನೂ ಹೊಂದಿಸುವಷ್ಟರಲ್ಲಿ ಆಕಾಶದ ಆ ಭಾಗ ಗುಡ್ಡದ ಹಿಂದೆ ಇಳಿದಿತ್ತು. ಅವಳು ಜಗಳವಾಡಲಿಲ್ಲ. ಆ ನಾಲ್ಕು ಫೋಟೊದ ಕೆಳಗೆ 'ನಂತರ ಮೋಡ' ಎಂದು ಬರೆದು ತನ್ನ ಹೆಸರು ಹಾಕಿ ಕಳಿಸಿದಳು. ಸುಳ್ಳು ನನ್ನದು, ಸಹಿ ಅವಳದು. ಮರುದಿನ ಸುರಪುರದ ಕಾಲೇಜಿನ ಸರ್ ಒಬ್ಬರು ಫೋನು ಮಾಡಿದರು. ಅವರೂ ಅದೇ ಚುಕ್ಕಿಯನ್ನು ಹಿಡಿದವರು. ನಸೀಮಾ ಫೋನನ್ನು ಸ್ಪೀಕರಿಗೆ ಹಾಕಿದಳು.

"ಏನ್ ಮೇಡಂ, ನಮ್ಮ ಕಡಿ ಆಕಾಶ ತೊಳದಂಗಿತ್ತು. ಆ ಮೋಡ ನಿಮ್ಮ ಮಾಳಿಗಿಗಷ್ಟ ಬಂದಿತ್ತೇನ್ರಿ? ಫೋಟೊ ತರಿಸ್ಕೊಳ್ಳೋ ಮ್ಯಾಲಿನವರು ಕೇಳಾಕತ್ತಾರ. ಹಿಂಗಾದ್ರ ನಿಮ್ಮ ಫೋಟೊ ಯಾರು ನಂಬ್ತಾರ?"

"ನಮ್ಮ ಅಣ್ಣ ಹೆದರ್ತಾನ್ರಿ ಸರ್. ಸುಳ್ಳ ಹೇಳಂಗಿಲ್ಲ."

ಬಾಗಿಲ ಹಿಂದೆ ನಿಂತು ಅದನ್ನು ಕೇಳಿದ ದಿನದಿಂದ ನನಗೆ ನಿದ್ದೆಯಿಲ್ಲ. ನಾನೇ ತುಂಬಿದ ಗಾದಿಯೂ ಚುಚ್ಚುತ್ತದೆ. ಆದ್ದರಿಂದ ಪತ್ರಿಕೆಗೆ ಬರೆದು ಕೊಡುತ್ತಿದ್ದೇನೆ: ಆ ಸಂಜೆ ಶಹಾಪುರದ ಮೇಲೆ ಮೋಡವಿರಲಿಲ್ಲ. ಅದು ನನ್ನ ಅಂಗಡಿಯ ಅರಳೆಯಲ್ಲಿ ನಾನೇ ಹೊಲಿದದ್ದು. ನಸೀಮಾ ಇದನ್ನು ಆ ಮೇಲಿನವರಿಗೆ ಕಳಿಸಲಿ, ಅವಳ ಹೆಸರು ಉಳಿಯಲಿ. ಇದು ಅಚ್ಚಾಗಿ ಅವಳ ಕೈ ಸೇರುವ ದಿನ ಮಾತ್ರ ನಾನು ಅಂಗಡಿಯನ್ನು ಬೇಗ ಬಢಾಯಿಸಿ, ದೋರನಹಳ್ಳಿಯ ಮಾವನ ಮನೆಯ ಬಸ್ಸು ಹತ್ತುವವನಿದ್ದೇನೆ. ಮೊಣಕಾಲು ನೋಯಲಿ, ಬಸ್‌ಸ್ಟ್ಯಾಂಡಿನ ತನಕ ಓಡಬಲ್ಲೆ.