ಮೂರನೇ ತರಗತಿಯ ಡೈರಿಗೆ ಬಿದ್ದ ಮೊಹರು

ನಮ್ಮ ಶಾಲೆಯಲ್ಲಿ ಶಿಕ್ಷಕರ ಮತ್ತು ಪೋಷಕರ ನಡುವಿನ ಸಂಪರ್ಕದಲ್ಲಿ ಈ ವರ್ಷ ನೂರಕ್ಕೆ ನೂರು ಸಾಧನೆಯಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ನಾನು ಶಾಲೆಯ ಗುಮಾಸ್ತ. ಹರ್ಷಿಸುವುದು ನನ್ನ ಕೆಲಸದಲ್ಲೇ ಬರುತ್ತದೆ.

ಮೊದಲು ಹೀಗಿರಲಿಲ್ಲ. ಶಿಕ್ಷಕರು ಡೈರಿಯಲ್ಲಿ ಬರೆದದ್ದನ್ನು ಪೋಷಕರು ಓದಿ ಸಹಿ ಮಾಡಬೇಕಿತ್ತು. ಪೋಷಕರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಸಹಿಯಿಲ್ಲದ ಡೈರಿಗಳು ರಾಶಿ ಬಿದ್ದಾಗ ಮುಖ್ಯೋಪಾಧ್ಯಾಯಿನಿಯವರು ಪ್ರತಿ ಮನೆಗೂ ‘ಗಮನಿಸಲಾಗಿದೆ’ ಎಂಬ ರಬ್ಬರ್ ಮೊಹರು ಕೊಡಿಸಿದರು. ಅದನ್ನು ಯಾರು ಒತ್ತಬೇಕೆಂದು ಜೊತೆಗೆ ಕಳಿಸಿದ ಸುತ್ತೋಲೆಯಲ್ಲಿ ಇರಲಿಲ್ಲ. ಟೈಪ್ ಮಾಡಿದವನು ನಾನೇ. ಹೀಗಾಗಿ ಮನೆಯಲ್ಲಿ ಯಾರಿಗೆ ಬಿಡುವಿತ್ತೋ ಅವರೇ ಒತ್ತಿದರು, ಅಂದರೆ ಮಕ್ಕಳು.

ಮೂರನೇ ತರಗತಿಯಲ್ಲಿ ಎಲ್ಲರೂ ಚೂಟಿ ಎಂದು ಕರೆಯುವ ಹುಡುಗಿಯೊಬ್ಬಳಿದ್ದಾಳೆ. ತಾಯಿ ವಕೀಲೆ, ತಂದೆ ಸರಕು ಸಾಗಣೆ ಕಂಪನಿಯ ಮ್ಯಾನೇಜರ್. ಒಂದು ದಿನ ಕ್ಲಾಸ್ ಟೀಚರ್ ಅವಳ ಡೈರಿಯಲ್ಲಿ ಬರೆದರು: ‘ಮಗುವಿಗೆ ಮೊದಲ ಬೆಂಚಿನಿಂದಲೂ ಬೋರ್ಡು ಕಾಣುತ್ತಿಲ್ಲ. ಕೂಡಲೇ ಕಣ್ಣು ಪರೀಕ್ಷೆ ಮಾಡಿಸಿ.’ ಮರುದಿನ ಮೊಹರು ಬಂತು. ವಾರ ಬಿಟ್ಟು ಅದನ್ನೇ ಕೆಂಪು ಶಾಯಿಯಲ್ಲಿ ಬರೆದರು. ಅದನ್ನೂ ಗಮನಿಸಲಾಗಿತ್ತು.

ಟೀಚರ್ ಫೋನ್ ಮಾಡಿದರು. ತಂದೆ ಮೀಟಿಂಗಿನಲ್ಲಿದ್ದರು; ಏನಿದ್ದರೂ ಡೈರಿಯಲ್ಲಿ ಬರೆಯಿರಿ ಮೇಡಂ, ನಮ್ಮ ಮನೆಯವಳು ದಿನಾ ನೋಡುತ್ತಾಳೆ ಎಂದರು. ಕೋರ್ಟಿನ ಜಗಲಿಯಿಂದ ಮಾತಾಡಿದ ತಾಯಿಯೂ ಅದನ್ನೇ ಹೇಳಿದರು. ಅವರ ಪ್ರಕಾರ ದಿನಾ ನೋಡುವವರು ಯಜಮಾನರು.

ಚೂಟಿಯೂ ಸುಮ್ಮನಿರಲಿಲ್ಲ. ತಾಯಿ ಕಾರಿನ ಕೀಲಿ ಹುಡುಕುತ್ತಿದ್ದಾಗ ಹಿಂದೆ ಹಿಂದೆ ತಿರುಗಿ ಹೇಳಿದ್ದಳಂತೆ.

“ಅಮ್ಮಾ, ನಂಗೆ ಬೋರ್ಡು ಕಾಣ್ಸಲ್ಲ.”

“ಬಾಯಲ್ಲಿ ಹೇಳಿದ್ರೆ ನಂಗೆ ನೆನಪಿರಲ್ಲ ಕಂದಾ. ಮಿಸ್ ಹತ್ರ ಡೈರೀಲಿ ಬರೆಸ್ಕೊಂಡು ಬಾ.”

ಬರೆದದ್ದು ಡೈರಿಯಲ್ಲೇ ಇತ್ತು. ಮೊಹರು ಚಪ್ಪಲಿ ಗೂಡಿನ ಮೇಲಿತ್ತು. ಸ್ಕೂಲ್ ಬಸ್ಸು ಹಾರ್ನ್ ಮಾಡುತ್ತಿತ್ತು. ಅವಳು ಒತ್ತಿಕೊಂಡು ಹೊರಟಳು.

ಮೂರನೇ ಸಲ ಬರೆಯಲು ಟೀಚರ್ ಅನುಮತಿ ಕೇಳಿದರು. ಮೊಹರಿನ ಸುತ್ತೋಲೆಯ ನಿಯಮ ಏಳರ ಪ್ರಕಾರ ಮೊಹರು ಬಿದ್ದ ವಿಷಯ ಇತ್ಯರ್ಥವಾದಂತೆ. ಮತ್ತೆ ಬರೆದರೆ ಪೋಷಕರ ಗಮನವನ್ನೇ ಅನುಮಾನಿಸಿದಂತೆ. “ಮಗು ಕಣ್ಣು ಹಾಳಾಗ್ತಿದೆ ಮೇಡಂ” ಎಂದರು ಟೀಚರ್. ಮುಖ್ಯೋಪಾಧ್ಯಾಯಿನಿಯವರು ಡೈರಿ ತಿರುವಿ ಹಾಕಿ, ಒಂದು ದಿನವೂ ಮೊಹರು ತಪ್ಪಿಲ್ಲವೆಂಬುದನ್ನು ಕಂಡುಕೊಂಡರು. ಆ ದಂಪತಿಯನ್ನು ‘ವರ್ಷದ ಗಮನಶೀಲ ಪೋಷಕರು’ ಎಂದು ಘೋಷಿಸಲಾಯಿತು.

ಸನ್ಮಾನಕ್ಕೆ ಇಬ್ಬರೂ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಫಲಕವನ್ನು ಮಗಳ ಕೈಯಿಂದಲೇ ಕೊಡಿಸುವುದೆಂದು ತೀರ್ಮಾನವಾಗಿತ್ತು. ಚೂಟಿ ವೇದಿಕೆ ಇಳಿದು ಬಂದಳು. ಕಣ್ಣು ಕಿರಿದು ಮಾಡಿ ಸಾಲಿನುದ್ದಕ್ಕೂ ನೋಡಿದಳು. ಆಮೇಲೆ ನಗುತ್ತಾ ಹೋಗಿ, ಮೂರು ಕುರ್ಚಿ ಆಚೆಗಿದ್ದ ಬೇರೆ ಯಾರದೋ ಅಪ್ಪ ಅಮ್ಮನ ಕೈಗೆ ಫಲಕ ಕೊಟ್ಟಳು. ಅವರು ತಮಗೇ ಇರಬೇಕೆಂದು ಇಸಿದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ತಂದೆತಾಯಿಯೂ ಮೊಬೈಲಿನಿಂದ ಕಣ್ಣೆತ್ತದೆ ತಟ್ಟಿದರು. ಫಲಕ ಯಾರ ಕೈ ಸೇರಿತೆಂದು ನಾನು ನೋಡಿದೆ. ವರದಿಯ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಅಂದು ಸಂಜೆ ಟೀಚರ್ ನಿಯಮ ಮುರಿದು ಬರೆದರು: ‘ನಿಮ್ಮ ಮಗಳಿಗೆ ಇವತ್ತು ನೀವೂ ಕಾಣಿಸಲಿಲ್ಲ.’

ಮರುದಿನ ಡೈರಿ ಬಂತು. ಮೊಹರು ಆ ಸಾಲಿನ ಮೇಲೆಯೇ, ತಲೆಕೆಳಗಾಗಿ ಬಿದ್ದಿತ್ತು. ಮುಖ್ಯೋಪಾಧ್ಯಾಯಿನಿಯವರು ಅದನ್ನು ಬಹಳ ಹೊತ್ತು ನೋಡಿ, ನನ್ನನ್ನು ಕರೆದು ಸುತ್ತೋಲೆ ಹೇಳಿ ಬರೆಸಿದರು: ಇನ್ನು ಮುಂದೆ ತಲೆಕೆಳಗಾದ ಮೊಹರೂ ಮಾನ್ಯ.

ಸುತ್ತೋಲೆ ಎಲ್ಲ ಮನೆಗಳಿಗೂ ಹೋಗಿ ಮರಳಿ ಬಂದಿದೆ. ಎಲ್ಲದರ ಮೇಲೂ ಮೊಹರಿದೆ. ಚೂಟಿಯ ಮನೆಯದು ಮಾತ್ರ ಕಾಗದದ ಹಿಂಬದಿಗೆ ಬಿದ್ದಿದೆ. ಅದನ್ನೂ ಮಾನ್ಯ ಮಾಡಿಕೊಂಡಿದ್ದೇವೆ.