ಹೂವಿಗೆ ಹಲ್ಲು ತೋರಿಸಿದ ಮೇಸ್ತ್ರಿ

"ನೋಡ್ತಾ ಇರು, ಇಲ್ಲಿಯತನಕ ಲೋಕದಲ್ಲಿ ಯಾರೂ ಕಂಡಿರದ ಹೂವೊಂದು ನಮ್ಮ ಬಾಲ್ಕನಿಯಿಂದ ಹುಟ್ಟುತ್ತೆ!" ಎಂದು ಮೇಸ್ತ್ರಿ ಘೋಷಿಸಿದಾಗ ಅವರ ಹೆಂಡತಿ ಒದ್ದೆ ಬೆಡ್‌ಶೀಟು ಹಿಂಡುತ್ತಿದ್ದರು.

"ಹುಟ್ಟಲಿ. ಅಷ್ಟರೊಳಗೆ ಇದರ ಆ ತುದಿ ಹಿಡ್ಕೊಳ್ಳಿ," ಎಂದರು.

ಮೇಸ್ತ್ರಿ ಎಂದರೆ ಮನೆ ಕಟ್ಟುವವರಲ್ಲ, ಹಲ್ಲು ಕಟ್ಟುವವರು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೊಪ್ಪುವ ಹಲ್ಲು ಮಾಡಿಕೊಡುವುದು ಇವರ ಕಸುಬು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಸ ಹಲ್ಲಿನ ಬಣ್ಣ ಒಂದಿಷ್ಟೂ ತಪ್ಪದ ಹಾಗೆ ಕೂಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. "ಬಿಳಿ ಅಂತ ಒಂದು ಬಣ್ಣವೇ ಇಲ್ಲ ಸ್ವಾಮಿ! ಹಾಲಿನ ಬಿಳಿ ಬೇರೆ, ಮಜ್ಜಿಗೆಯ ಬಿಳಿ ಬೇರೆ, ದಿನಕ್ಕೆ ಆರು ಸಲ ಕಾಫಿ ಕುಡಿಯೋನ ಬಿಳಿ ಬೇರೆ," ಎಂದು ಸಿಕ್ಕಸಿಕ್ಕವರಿಗೆ ಉಪದೇಶ ಮಾಡುತ್ತಿದ್ದರು. ಮಾದರಿ ಹಲ್ಲುಗಳನ್ನು ತಿಳಿಬಿಳಿಯಿಂದ ಕಂದುಬಿಳಿಯವರೆಗೆ ಸಾಲಾಗಿ ಜೋಡಿಸಿದ ಬಣ್ಣದ ಪಟ್ಟಿಯೊಂದು ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಬಗ್ಗಿದಾಗ ಜೇಬು ಹಲ್ಲು ಕಿರಿಯುತ್ತಿತ್ತು.

ಹೂವಿನ ಗಿಡ ಬಾಲ್ಕನಿಯ ಮೂಲೆಯಲ್ಲಿ, ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿತ್ತು. ನರ್ಸರಿಯವರು ಏಂಜೆಲ್ ಟ್ರಂಪೆಟ್ ಎಂದು ಹೇಳಿ ಕೊಟ್ಟದ್ದು. ಮನೆಯಲ್ಲಿ ಅದು ಕಹಳೆಹೂ. ಮಗಳು ಮದುವೆಯಾಗಿ ಹೋದ ವಾರ, ಖಾಲಿ ಬಾಲ್ಕನಿಯನ್ನು ನೋಡಲಾರದೆ ಮೇಸ್ತ್ರಿ ಅದನ್ನು ತಂದಿದ್ದರು. ಗೇಣುದ್ದದ ಬಿಳಿ ಹೂಗಳು ತಲೆ ತಗ್ಗಿಸಿ ತೂಗುತ್ತಿದ್ದವು. ಹಗಲೆಲ್ಲ ತಮಗೇನೂ ಗೊತ್ತಿಲ್ಲವೆಂಬಂತೆ ಸುಮ್ಮನಿದ್ದು, ಬೀದಿದೀಪ ಹತ್ತುವ ಹೊತ್ತಿಗೆ ಒಮ್ಮೆಲೇ ಪರಿಮಳ ಬಿಡುತ್ತಿದ್ದವು. ಕೆಳಗೆ ಜಗಳವಾಡುತ್ತ ಹೋಗುವವರು ಮಾತನ್ನು ಅರ್ಧಕ್ಕೆ ಮರೆತು ಮೇಲೆ ನೋಡುತ್ತಿದ್ದರು.

ಆದರೆ ಆ ಗಿಡಕ್ಕೀಗ ಗಡೀಪಾರಿನ ಆಜ್ಞೆಯಾಗಿತ್ತು.

"ರಜೆಗೆ ಮಗಳು ಬರ್ತಿದ್ದಾಳೆ," ಎಂದರು ಹೆಂಡತಿ. "ಮೊಮ್ಮಗು ಅಂಬೆಗಾಲು ಹಾಕ್ತಿದೆಯಂತೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಇದರ ಎಲೆ ವಿಷ, ಹೂ ವಿಷ, ಬೀಜ ವಿಷ. ನೀವೇ ಹೇಳಿದ್ದು. ಗಿಡ ಹೋಗಲೇಬೇಕು."

ಮೇಸ್ತ್ರಿಯ ಮುಖ ಸಣ್ಣದಾಯಿತು. ಮೊಮ್ಮಗುವಿನ ಎದುರು ವಾದ ಮಾಡಲಾದೀತೆ? "ಹೋಗಲಿ. ಆದ್ರೆ ಸಂತಾನವಿಲ್ಲದೆ ಹೋಗೋದು ಬೇಡ ಕಣೇ. ಒಂದೇ ಒಂದು ಕಾಯಿ ಕಟ್ಟಲಿ. ಬೀಜ ಡಬ್ಬಿಗೆ ಹಾಕಿ, ಬೀಗ ಹಾಕಿ ಇಡ್ತೀನಿ. ಮಗು ದೊಡ್ಡದಾದ ಮೇಲೆ ಬಿತ್ತೋಣ."

"ಇಷ್ಟು ವರ್ಷ ಕಟ್ಟದ ಕಾಯಿ ಈಗ ಕಟ್ಟುತ್ತಾ?"

"ಅದು ಮರ್ಯಾದಸ್ಥ ಗಿಡ! ತನ್ನ ಪರಾಗವನ್ನ ತಾನೇ ಒಪ್ಪಲ್ಲ. ಬೇರೆ ಗಿಡದ್ದೇ ಬೇಕು. ತಂದು ಹಚ್ಚಿದ್ರೆ ಕಾಯಿ ಕಟ್ಟುತ್ತೆ. ಬಿತ್ತಿದ್ರೆ ಹೊಸ ತಳಿ! ಹೊಸ ಹೂ!"

"ರಜೆ ಶುರುವಾಗೋ ತನಕ ಏನಾದ್ರೂ ಹಚ್ಚಿಕೊಳ್ಳಿ. ಆಮೇಲೆ ಗಿಡ ಹೊರಗೆ. ಹಟ ಮಾಡಿದ್ರೆ ಗಿಡದ ಜೊತೆ ನೀವೂ."

ಅಂದಿನಿಂದ ಮೇಸ್ತ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೊದಲ ದಂಡಯಾತ್ರೆ ಡಾಕ್ಟರ ಮನೆಗೆ. ಅವರ ಕಾಂಪೌಂಡಿನಲ್ಲೂ ಒಂದು ಕಹಳೆಹೂವಿನ ಗಿಡವಿತ್ತು. ಮೇಸ್ತ್ರಿ ಹೂವೊಂದನ್ನು ಎತ್ತಿ ಹಿಡಿದು, ಪಟ್ಟಿಯ ಒಂದೊಂದೇ ಹಲ್ಲನ್ನು ಅದರ ಪಕ್ಕಕ್ಕಿಟ್ಟು, ಒಂದು ಕಣ್ಣು ಮುಚ್ಚಿ ನೋಡತೊಡಗಿದರು. ಡಾಕ್ಟರ ತಾಯಿ ಬಾಗಿಲಿಗೆ ಬಂದರು.

"ಯಾರಪ್ಪಾ ಅದು, ನನ್ನ ಹೂವಿಗೆ ಹಲ್ಲು ತೋರಿಸ್ತಿರೋದು?"

"ನಾನೇ ಅಮ್ಮಾ, ಮೇಸ್ತ್ರಿ. ಬಣ್ಣ ತಾಳೆ ನೋಡ್ತಿದ್ದೆ."

"ಅಯ್ಯೋ, ಹೂವಿಗೂ ಹಲ್ಲು ಕಟ್ತಾನಾ ನನ್ನ ಮಗ? ಊರಲ್ಲಿ ಬಾಯಿಗಳೆಲ್ಲ ಮುಗಿದ್ವಾ?"

ಮೇಸ್ತ್ರಿಗೆ ಅದೊಂದೂ ಕೇಳಿಸಲಿಲ್ಲ. ತಮ್ಮ ಮನೆಯ ಹೂ ಪಟ್ಟಿಯ ಮೂರನೇ ಹಲ್ಲಿಗೆ ಸರಿಹೊಂದುತ್ತಿತ್ತು, ಇದು ಏಳನೆಯದಕ್ಕೆ! ಅಂದಮೇಲೆ ಬೇರೆ ತಳಿ! ಸಾಧಾರಣ ಕಣ್ಣಿಗೆ ಎರಡೂ ಬಿಳಿಯೇ. ಸಾಧಾರಣ ಕಣ್ಣು ಯಾರಿಗೆ ಬೇಕು? ಪರಾಗದ ಪುಡಿಯನ್ನು ಪುಟ್ಟ ಡಬ್ಬಿಗೆ ಉದುರಿಸಿಕೊಂಡು, ಹೊಸ ಬೀಗರ ಮನೆಯಿಂದ ಹೊರಟವರ ಗತ್ತಿನಲ್ಲಿ ಗೇಟು ದಾಟಿದರು.

ಮನೆಗೆ ಬಂದು ಸ್ಟೂಲು ಹತ್ತಿ, ಹಲ್ಲಿಗೆ ಬಣ್ಣ ಹಚ್ಚುವ ಕೂದಲೆಳೆಯ ಬ್ರಷ್ಷಿನಿಂದ ಹೂವಿನೊಳಗಿನ ಕಡ್ಡಿಯ ತುದಿಗೆ ಪರಾಗ ಲೇಪಿಸಿದರು. ಬೇರೆ ಯಾವ ಹುಳುವೂ ಬಂದು ವಂಶ ಕೆಡಿಸಬಾರದಲ್ಲ? ಅದಕ್ಕೂ ವ್ಯವಸ್ಥೆಯಾಯಿತು.

"ರೀ, ನನ್ನ ತುರುಬಿನ ಬಲೆ ಎಲ್ಲಿ?"

"ಹೂವಿನ ಮೇಲಿದೆ."

"ಎಲ್ಲಾನೂ?"

"ಒಂದು ಉಳಿಸಿದ್ದೀನಿ ಕಣೇ."

"ದೊಡ್ಡ ಉಪಕಾರ ಆಯ್ತು!"

ಬಾಲ್ಕನಿಯಲ್ಲಿ ಬಲೆ ತೊಟ್ಟ ಹೂಗಳು, ಅಜ್ಜಿಯರ ಹಿಂಡೊಂದು ತಲೆಕೆಳಗಾಗಿ ಜೋತುಬಿದ್ದ ಹಾಗೆ ತೂಗಾಡಿದವು. ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮೇಸ್ತ್ರಿ ಸ್ಟೂಲು ಹತ್ತುತ್ತಿದ್ದರು. ಊಟದ ಮಧ್ಯೆ ಎದ್ದು ಹೋಗಿ ಹೂವಿನ ಬುಡ ಉಬ್ಬಿತೇ ಎಂದು ಸವರಿ, ಬೈಸಿಕೊಂಡು, ಕೈ ತೊಳೆದು ಬರುತ್ತಿದ್ದರು. ಹೀಗೇ ಕಾಯುತ್ತಿದ್ದಾಗ ಒಂದು ಸಂಜೆ ಹೂ ತೊಟ್ಟಿನ ಸಮೇತ ಟಪ್ಪೆಂದು ಬಿತ್ತು. ಮರುದಿನ ಇನ್ನೊಂದು. ಆಮೇಲೆ ಎಲ್ಲ!

"ಸಂಬಂಧ ಹೊಂದಲಿಲ್ಲ," ಎಂದು ಮೇಸ್ತ್ರಿ ಕ್ಷೌರದಂಗಡಿಯವನ ಹಿತ್ತಲಿಗೆ ನುಗ್ಗಿದರು. ಅಲ್ಲಿಯ ಹೂ ಐದನೇ ಹಲ್ಲು! ಅದೂ ಬಿತ್ತು. ಟೈಲರನ ಮನೆಯದು ಒಂಬತ್ತನೇ ಹಲ್ಲು! ಎಂಥ ಅಪೂರ್ವ ತಳಿ! ರಜೆ ಹತ್ತಿರ ಬರುತ್ತಿತ್ತು. ಮೇಸ್ತ್ರಿ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಿ, ಅವಸರದಲ್ಲಿ ಪರಾಗ ಹಚ್ಚಿ, ಅದೇ ಕೈಯಲ್ಲಿ ಎಡಗಣ್ಣು ಉಜ್ಜಿಕೊಂಡು ಕೆಲಸಕ್ಕೆ ಹೋದರು.

ಆವತ್ತೇ ಹೆಡ್‌ಮಿಸ್ಸಿನ ಮುಂದಿನ ಎರಡು ಹಲ್ಲು ತಯಾರಾಗಬೇಕಿತ್ತು. ಊರಿಗೇ ಅವರು ಹೆಡ್‌ಮಿಸ್ಸು. ಅವರು ಕಾರಿಡಾರಿನಲ್ಲಿ ನಡೆದರೆ ಶಾಲೆಯ ಫ್ಯಾನುಗಳೂ ಮೆಲ್ಲಗೆ ತಿರುಗುತ್ತವೆ ಎಂದು ಜನ ಹೇಳುತ್ತಿದ್ದರು. ಮೇಸ್ತ್ರಿಗೆ ಯಾಕೋ ಲೋಕವೆಲ್ಲ ಫಳಫಳ ಹೊಳೆಯುತ್ತಿತ್ತು. ಹತ್ತಿರದ್ದು ಮಂಜು ಮಂಜು. ನಿದ್ದೆ ಕಡಿಮೆಯಾಗಿದೆ ಎಂದುಕೊಂಡು, ಒಂದು ಹಲ್ಲಿನ ಬಣ್ಣವನ್ನು ಬಲಗಣ್ಣಿನಿಂದ, ಇನ್ನೊಂದರದ್ದನ್ನು ಎಡಗಣ್ಣಿನಿಂದ ನೋಡಿ ಮುಗಿಸಿಕೊಟ್ಟರು. ಡಾಕ್ಟರೂ ಅವಸರದಲ್ಲಿದ್ದರು; ಮೇಸ್ತ್ರಿಯ ಕೆಲಸವೆಂಬ ನಂಬಿಕೆಯಲ್ಲಿ ಕೂರಿಸಿಬಿಟ್ಟರು.

ಮರುದಿನ ಆಸ್ಪತ್ರೆಯ ಬಾಗಿಲು ಗೋಡೆಗೆ ಬಡಿಯಿತು.

"ಎಲ್ಲಿ ಆ ಮೇಸ್ತ್ರಿ? ನೋಡಿ ಇಲ್ಲಿ! ಒಂದು ಹಲ್ಲು ಬೆಳಿಗ್ಗೆ, ಇನ್ನೊಂದು ಸಂಜೆ! ಇಷ್ಟು ವರ್ಷದಲ್ಲಿ ಮೊದಲ ಸಲ ಮಕ್ಕಳು ನನ್ನ ಮುಖ ನೋಡಿ ನಕ್ಕರು! ನಾನು ಕಟ್ಟಿದ ಶಿಸ್ತೆಲ್ಲ ನಿಮ್ಮ ಒಂದು ಹಲ್ಲಿಂದ ಮಣ್ಣುಪಾಲು!"

ಡಾಕ್ಟರು ಹೆಡ್‌ಮಿಸ್ಸಿನ ಬಾಯಿ ನೋಡಿದರು. ಆಮೇಲೆ ಮೇಸ್ತ್ರಿಯ ಕಣ್ಣು ನೋಡಿದರು. ಬಲಗಣ್ಣಿನ ಪಾಪೆ ಸಾಸಿವೆಯಷ್ಟು, ಎಡಗಣ್ಣಿನದು ಅಂಗಿಯ ಗುಂಡಿಯಷ್ಟು!

"ಏನ್ರೀ ಹಾಕಿಕೊಂಡ್ರಿ ಕಣ್ಣಿಗೆ?"

"ಪರಾಗ ಸರ್."

"ಯಾವುದರದ್ದು?"

"ನಿನ್ನೆ ಟೈಲರ್ ಮನೇದು. ಅದಕ್ಕೆ ಮುಂಚೆ... ನಿಮ್ಮ ಮನೇದೇ ಸರ್."

ಕಣ್ಣಿನ ಡಾಕ್ಟರು ನೋಡಿ, ಆ ಗಿಡದ ವಿಷ ತಗುಲಿ ಪಾಪೆ ಅಗಲವಾಗಿದೆ, ತಾನಾಗಿ ಇಳಿಯುತ್ತದೆ ಎಂದರು. ಹಲ್ಲಿನ ಡಾಕ್ಟರು ಮಾತ್ರ, "ಇಳಿಯೋ ತನಕ ಬಣ್ಣದ ಕೆಲಸ ಮುಟ್ಟಬೇಡಿ, ಮನೇಲಿರಿ," ಎಂದು ಪಟ್ಟಿಯನ್ನು ಕಸಿದುಕೊಂಡರು. ಜೇಬಿನಲ್ಲಿ ಹಲ್ಲಿಲ್ಲದ ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡು ಮನೆ ಸೇರಿದರು. ಆದರೆ ಮನೆಯಲ್ಲಿರುವುದೆಂದರೇನು? ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನಡೆದು ನಡೆದು ಚಪ್ಪಲಿ ಸವೆಸಿ, ಕೊನೆಗೆ ಇನ್ನೊಂದು ಚಿಟಿಕೆ ಪರಾಗ ಕೇಳಲು ಡಾಕ್ಟರ ತಾಯಿಯ ಹತ್ತಿರವೇ ಹೋದರು.

"ಮತ್ತೆ ಬಂದ್ಯಾ? ಯಾಕಪ್ಪಾ, ನಿಮ್ಮ ಮನೆ ಗಿಡ ಹೂ ಬಿಡೋದು ನಿಲ್ಲಿಸ್ತಾ?" ಎಂದರು ಆಕೆ. "ಇದರ ತಾಯಿನೇ ಅದಲ್ವಾ? ನಿನ್ನ ಹೆಂಡ್ತಿ ತಾನೇ ಒಂದು ಕಡ್ಡಿ ಕೊಟ್ಟಿದ್ದು!"

ಮೇಸ್ತ್ರಿ ಪರಾಗದ ಮಾತು ಬಿಟ್ಟು ಗೇಟಿನತ್ತ ತಿರುಗಿದರು. ಓಡಿದರು ಕ್ಷೌರದಂಗಡಿಗೆ. "ಅಕ್ಕ ಕೊಟ್ಟಿದ್ದು," ಎಂದ ಅವನು ಕತ್ತರಿ ನಿಲ್ಲಿಸದೆ. ಓಡಿದರು ಟೈಲರನ ಬಳಿಗೆ. "ಮೇಡಂ ಬ್ಲೌಸ್ ಹೊಲಿಸೋಕೆ ಬಂದಾಗ ತಂದಿದ್ರು."

ಕಡ್ಡಿ ನೆಟ್ಟು ಬಂದ ಗಿಡವೆಂದರೆ ಅದೇ ಗಿಡ, ಬೇರೆಯದಲ್ಲ. ಬಿಸಿಲಲ್ಲಿದ್ದದ್ದು ಒಂದು ಬಿಳಿ, ನೆರಳಲ್ಲಿದ್ದದ್ದು ಇನ್ನೊಂದು ಬಿಳಿ, ನಿನ್ನೆ ಅರಳಿದ್ದು ಮತ್ತೊಂದು ಬಿಳಿ. ಅಷ್ಟೇ! ಊರೆಲ್ಲ ಅಲೆದು ಅವರು ತಂದದ್ದು ತಮ್ಮ ಮನೆಯ ಪರಾಗವನ್ನೇ!

"ನಾನು ಕತ್ತರಿಸಿ, ಎಸಿ ಅಂತ ಕೊಟ್ಟ ಕೊಂಬೆಗಳನ್ನ ನೀನು ಊರಿಗೆಲ್ಲ ಹಂಚಿದ್ಯಾ?" ಮೇಸ್ತ್ರಿ ಬಾಗಿಲಲ್ಲೇ ಗುಡುಗಿದರು.

"ಬಕೆಟ್ಟಲ್ಲಿ ಬಿದ್ದಲ್ಲೇ ಬೇರು ಬಿಟ್ಟಿತ್ತು. ಬದುಕ್ತೀನಿ ಅನ್ನೋದನ್ನ ಹೇಗ್ರೀ ಎಸೀಲಿ? ಕೇಳಿದವರಿಗೆ ಕೊಟ್ಟೆ. ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತಾನೂ ಹೇಳಿಯೇ ಕೊಟ್ಟೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀವು ಎಲ್ಲಿಗೆ ಹೋಗ್ತೀನಿ ಅಂತ ಹೇಳಿದ್ರಾ? ಗಿಡ ಎಲ್ಲಿಂದ ಬಂತು ಅಂತ ಅವರನ್ನಾದ್ರೂ ಕೇಳಬಹುದಿತ್ತು. ಹೂವಿಗೆ ಹಲ್ಲು ತೋರಿಸಿ ಬಂದ್ರಿ!"

ಮಗಳು ಬರುವುದು ನಾಳೆ. ಕಾಯಿ ಇಲ್ಲ; ಗಿಡ ಮಾತ್ರ ಹೋಗಬೇಕು. ಮೇಸ್ತ್ರಿ ತಳ್ಳುಗಾಡಿ ತರಿಸಿ, ಡ್ರಮ್ಮು ಏರಿಸಿ, ಬೀದಿಗೆ ಹೊರಟರು. ಯಾರಾದರೂ ಇಟ್ಟುಕೊಳ್ಳಲಿ, ಬದುಕಿದ್ದರೆ ಸಾಕು.

"ನಮ್ಮಲ್ಲಿ ಇದೆ. ನಿಮ್ಮ ಮನೇದೇ."

"ಇದೆಯಲ್ಲ ಮೇಸ್ತ್ರಿ, ಅಕ್ಕ ಕೊಟ್ಟಿದ್ದು."

"ಒಂದಲ್ಲ, ಎರಡಿದೆ. ಒಂದು ವಾಪಸ್ ತಗೊಂಡು ಹೋಗ್ತೀರಾ?"

ಗಾಡಿ ತಳ್ಳಿ ತಳ್ಳಿ ತೋಳು ಸೋತು, ಒಂದು ಗೇಟಿನ ಮುಂದೆ ನಿಂತು ಬೆವರು ಒರೆಸಿಕೊಂಡರು. ಕಣ್ಣಿನ ಹತ್ತಿರಕ್ಕೆ ಹೋದ ಕೈಯನ್ನು ತಟ್ಟನೆ ಕೆಳಗಿಳಿಸಿ ತಲೆ ಎತ್ತಿದರೆ, ಗೋಡೆಯ ಆಚೆ ಗೊಂಚಲು ಗೊಂಚಲು ಕಹಳೆಹೂ. ಗುಲಾಬಿ ಬಣ್ಣದ್ದು! ಹಲ್ಲಿನ ಪಟ್ಟಿಯೇ ಬೇಡದಷ್ಟು ಗುಲಾಬಿ!

ಗೇಟು ತೆರೆದದ್ದು ಹೆಡ್‌ಮಿಸ್ಸು. ಮೇಸ್ತ್ರಿ ಶಾಲೆಗೆ ತಡವಾಗಿ ಬಂದ ಹುಡುಗನಂತೆ ನಿಂತರು.

"ಈ ಗಿಡ... ಎಲ್ಲಿಂದ ಬಂತು ಮೇಡಂ?"

"ನನ್ನ ತಂಗಿ ಅವಳ ಊರಲ್ಲಿ ಬೀಜ ಹಾಕಿ ಬೆಳೆಸಿದ್ದು. ಯಾಕೆ?"

ಮೇಸ್ತ್ರಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಹೆಡ್‌ಮಿಸ್ಸು ಬೆಳಿಗ್ಗೆ ಸಂಜೆ ಎರಡೂ ಹಲ್ಲು ತೋರಿಸಿ ನಕ್ಕರು.

"ಇಲ್ಲಿ ಬಾಯಿಗೆ ಹಾಕಿಕೊಳ್ಳೋ ವಯಸ್ಸಿನವರು ಯಾರೂ ಇಲ್ಲ. ಗಿಡ ಬಿಟ್ಟು ಹೋಗಿ. ಆದ್ರೆ ಬ್ರಷ್ಷು, ಬಲೆ, ಸ್ಟೂಲು ಯಾವುದೂ ಒಳಗೆ ಬರಬಾರದು. ನೀವೂ ಬರಬಾರದು. ಮೊದಲು ನನ್ನ ಹಲ್ಲು ಸರಿ ಮಾಡಿ."

ಮಗಳು ಬಂದಳು, ಅಳಿಯ ಬಂದರು, ಮೊಮ್ಮಗು ಖಾಲಿ ಬಾಲ್ಕನಿಯ ಮೂಲೆ ಮೂಲೆಯನ್ನೂ ನೆಲ ಒರೆಸಿದ ಹಾಗೆ ಸುತ್ತಿತು. ಕಣ್ಣು ಸರಿಹೋಯಿತು. ಹೆಡ್‌ಮಿಸ್ಸಿನ ಎರಡೂ ಹಲ್ಲು ಒಂದೇ ಹೊತ್ತಿನವಾದವು. ಮೇಸ್ತ್ರಿಯ ಚಡಪಡಿಕೆ ಮಾತ್ರ ಇಳಿಯಲಿಲ್ಲ. ಸಂಜೆಯಾದರೆ ಕಾಲು ಆ ಗೇಟಿನ ಕಡೆಗೇ. ಪರಿಮಳ ಬೀದಿಗೆ ಬರುತ್ತಿತ್ತು. ಇವರು ಒಳಗೆ ಹೋಗುವಂತಿಲ್ಲ. "ಮೇಸ್ತ್ರಿ, ಕೈ ಜೇಬಲ್ಲೇ ಇರಲಿ!" ಎಂದು ಕಿಟಕಿಯಿಂದ ದನಿ ಬರುತ್ತಿತ್ತು.

ರಜೆ ಮುಗಿಯುವ ಮುಂಚಿನ ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಬಂತು.

"ಮೇಸ್ತ್ರಿ, ನಿಮ್ಮ ಗಿಡದಲ್ಲಿ ಕಾಯಿ ಕಟ್ಟಿದೆ. ಹೆಬ್ಬೆರಳು ಗಾತ್ರ."

"ಕಾಯಿ! ಯಾರು... ಯಾರು ಪರಾಗ ಹಚ್ಚಿದ್ದು ಮೇಡಂ?"

"ಒಂದು ದಪ್ಪ ಪತಂಗ. ಕತ್ತಲಾಗ್ತಿದ್ದ ಹಾಗೆ ನನ್ನ ಹೂವಿಂದ ನಿಮ್ಮ ಹೂವಿಗೆ ಹಾರ್ತಿತ್ತು. ನಾನು ಬೇಡ ಅನ್ನಲಿಲ್ಲ."

ಮೇಸ್ತ್ರಿ ಫೋನಿಟ್ಟು ಕುರ್ಚಿಗೆ ಕುಸಿದರು. ಕಣ್ಣಲ್ಲಿ ನೀರಿತ್ತು, ಸಂತೋಷಕ್ಕೋ ಸಂಕಟಕ್ಕೋ ಅವರಿಗೇ ತಿಳಿಯದು. "ಎಷ್ಟು ಮನೆ ಅಲೆದೆ! ಎಷ್ಟು ಬಣ್ಣ ತಾಳೆ ನೋಡಿದೆ! ಒಂದೂ ಕೂಡಿ ಬರಲಿಲ್ಲ. ನಾನು ಕೈಬಿಟ್ಟ ಮೇಲೆ ಎಲ್ಲಿಂದಲೋ ಒಂದು ದಪ್ಪ ಪತಂಗ ಬಂದು, ಹೇಳದೆ ಕೇಳದೆ ಕೆಲಸ ಮುಗಿಸಿತಲ್ಲೇ!"

ಮಗಳು ತುತ್ತು ಕೈಯಲ್ಲಿ ಹಿಡಿದೇ ನಕ್ಕಳು. "ಅಪ್ಪಾ, ನನಗೆ ಗಂಡು ಹುಡುಕಿದಾಗಲೂ ನೀನು ಇದೇ ಮಾತು ಹೇಳಿದ್ದೆ."

ಬಾಯಿ ತುಂಬ ಅನ್ನ ತುಂಬಿಕೊಂಡಿದ್ದ ಅಳಿಯ ಅಗಿಯುವುದನ್ನು ನಿಲ್ಲಿಸಿ, ಒಮ್ಮೆ ಮಾವನನ್ನು, ಒಮ್ಮೆ ತನ್ನ ಹೊಟ್ಟೆಯನ್ನು ನೋಡಿಕೊಂಡರು.

ಮೇಸ್ತ್ರಿಯ ಹೆಂಡತಿ ಸೌಟು ತೆಗೆದು ಗಂಡನ ಕೈಗಿಟ್ಟರು.

"ಮಾತು ಸಾಕು. ಎದ್ದು ಪತಂಗಕ್ಕೆ ಇನ್ನೊಂದು ಸೌಟು ಬಡಿಸಿ."